ಬಿಸಾಕೋ ಪಾ!

ರಾತ್ರಿಯಿಡೀ ಕೂತು ಗೀಚಿದ ಊಟದ ಮೇಜಿನ ಚಿತ್ರವನ್ನು ಇಂಡೋನೇಷ್ಯಾದ ಜೆಪಾರಾ ಊರಿನ ಬಡಗಿಯ ಮುಂದೆ ಹರಡಿದೆ. ಆತ ಅದನ್ನು ಅತ್ತಿಂದ ಇತ್ತ ತಿರುಗಿಸಿ ನೋಡಿ, ಬಾಯ್ತುಂಬಾ ನಕ್ಕು, "ಬಿಸಾಕೋ ಪಾ" ಅಂದ. ಸಮುದ್ರ ದಾಟಿ ಬಂದು ಕನ್ನಡದಲ್ಲೇ ಬೈಸಿಕೊಂಡ ಹಾಗಾಯ್ತು. ಚಿತ್ರ ಮಡಚಿ ಜೇಬಿಗೆ ಇಟ್ಟುಕೊಂಡು ಎದ್ದೇಬಿಟ್ಟೆ.

ಜೊತೆಗಿದ್ದ ಹುಡುಗ ಬಾಗಿಲ ಹತ್ತಿರ ಹಿಡಿದು ನಿಲ್ಲಿಸಿ ಬಿಡಿಸಿ ಹೇಳಿದ. 'ಬಿಸಾ' ಅಂದರೆ ಆಗುತ್ತೆ. 'ಕೊಕ್' ಅಂದರೆ ಆಗದೇ ಏನು ಅನ್ನೋ ಒತ್ತು. 'ಪಾಕ್' ಅಂದರೆ ಯಜಮಾನ್ರೇ. ಕೊನೆಯ ಕಕಾರವನ್ನು ಗಂಟಲಲ್ಲೇ ನುಂಗುತ್ತಾರೆ, ಅಷ್ಟೆ. ಅದೇ 'ಬಿಸಾ'ಗೆ ಹಾವಿನ ವಿಷ ಅಂತಲೂ ಅರ್ಥ ಉಂಟು, ಸಂಸ್ಕೃತದ ವಿಷವೇ ಹಡಗು ಹತ್ತಿ ಹೋಗಿದ್ದು. ಈ ಎರಡನೇ ಅರ್ಥ ನನಗೆ ಗೊತ್ತಾಗುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು.

ಜೆಪಾರಾ ಅಂದರೆ ಜಾವಾದ ಉತ್ತರ ಕರಾವಳಿಯ ಕೆತ್ತನೆಯ ಊರು. ಯಾವ ಗಲ್ಲಿಗೆ ಹೊಕ್ಕರೂ ಉಳಿ ಕುಟ್ಟುವ ಸದ್ದು, ಜಗಲಿಯ ಮೇಲೆ ಅರ್ಧ ಕೆತ್ತಿದ ಮಂಚದ ಕಾಲು. ಅಂಗಡಿ ಅಂಗಡಿಯ ಬೋರ್ಡಿನ ಮೇಲೂ 'ಜಾತಿ'. ಇಲ್ಲೂ ಬಿಡಲಿಲ್ಲವಲ್ಲಪ್ಪಾ ಅಂದುಕೊಂಡೆ. ಅವರ ಭಾಷೆಯಲ್ಲಿ ಜಾತಿ ಅಂದರೆ ತೇಗ. "ನಿಮಗೆ ಯಾವ ಜಾತಿ ಬೇಕು, ಹಳೇದಾ ಹೊಸದಾ?" ಅಂತ ಕೇಳಿಸಿಕೊಂಡ ಮೊದಲ ಕನ್ನಡಿಗ ನಾನೇ ಇರಬೇಕು.

ತೇಗ ನನ್ನ ಜೇಬಿಗೆ ಎಟುಕಲಿಲ್ಲ. 'ಸುವಾರ್' ಅನ್ನೋ ಮರದ ಎಂಟಡಿ ಹಲಗೆ ತೋರಿಸಿದರು. ಒಂದೇ ಮರದ ಸೀಳು, ಜೇನುಬಣ್ಣ, ನಡುವೆ ಕಾಫಿ ಚೆಲ್ಲಿದಂಥ ಗೆರೆಗಳು. ಬೆಲೆ ಎಂಟು 'ಜುತಾ'. ಸಂಸ್ಕೃತದಲ್ಲಿ ಹತ್ತು ಸಾವಿರವಾಗಿದ್ದ ಅಯುತ ಅಲ್ಲಿಗೆ ಹೋಗಿ ಹತ್ತು ಲಕ್ಷವಾಗಿ ಬಡ್ತಿ ಪಡೆದಿದೆ. ನಮ್ಮ ಒಂದು ರೂಪಾಯಿಗೆ ಆಗ ಅವರ ಸುಮಾರು 190 ರುಪಿಯಾ. ಕ್ಯಾಲ್ಕುಲೇಟರಿನಲ್ಲಿ ಸೊನ್ನೆ ಒತ್ತುತ್ತಾ ಒಂದನ್ನು ಕೈಬಿಟ್ಟೆ. 4,200 ರೂಪಾಯಿ ಅಂತ ಬಂತು. ಇಷ್ಟು ಅಗ್ಗಕ್ಕೆ ಕೊಡ್ತಿದಾನಲ್ಲ ಪಾಪ ಅಂತ ಮರುಗಿ, ಚೌಕಾಸಿಯೂ ಮಾಡದೆ ಆರು ಮೇಜು ಹೇಳಿಬಿಟ್ಟೆ. ಲಾಡ್ಜಿಗೆ ಬಂದು ಮತ್ತೆ ಲೆಕ್ಕ ಹಾಕಿದಾಗ ಒಂದೊಂದಕ್ಕೆ 42,000.

ಆರು ಮೇಜಿಗೆ ಇಪ್ಪತ್ತಡಿ ಕಂಟೇನರ್ ತುಂಬಲ್ಲ. ಖಾಲಿ ಜಾಗಕ್ಕೂ ಬಾಡಿಗೆ ಒಂದೇ. ಹಾಗಾಗಿ ಹೊಟ್ಟೆಕಿಚ್ಚಿಗೆ ಅಂತಲೇ ಸಿಕ್ಕಿದ್ದನ್ನೆಲ್ಲ ತುರುಕಿದೆ. ಅದರಲ್ಲಿ ಹದಿನೈದು ಜೋಡಿ 'ಲೋರೋ ಬ್ಲೊನ್ಯೊ', ಅಂದರೆ ಮನೆಯಲ್ಲಿ ಸಮೃದ್ಧಿ ಇರಲಿ ಅಂತ ಜಾವಾದವರು ಇಟ್ಟುಕೊಳ್ಳುವ, ಕಾಲು ಮಡಚಿ ಕೂತ ಮರದ ಮದುಮಕ್ಕಳು. ಹೆಣ್ಣು ಭತ್ತದ ದೇವತೆ ದೇವಿ ಶ್ರೀ, ಗಂಡು ಆಕೆಯ ಜೋಡಿ ಸಾದೋನೊ.

ಬಂದರಿನಲ್ಲಿ ಪೆಟ್ಟಿಗೆ ತೆರೆದ ಅಧಿಕಾರಿ ಮೂವತ್ತು ಜನ ಸಾಲಾಗಿ ಕೂತು ತನ್ನನ್ನೇ ನೋಡುತ್ತಿರುವುದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಇವರೆಲ್ಲ ದೇವರಾ?"

"ಒಂಥರಾ ದೇವರೇ ಸಾರ್."

"ಕಾಗದದಲ್ಲಿ ಫರ್ನಿಚರ್ ಅಂತಿದೆ?"

ಮೇಜಿಗೆ ಒಂದು ಸುಂಕದ ಸಂಖ್ಯೆ, ಮರದ ಬೊಂಬೆಗೆ ಇನ್ನೊಂದು. ಇದು ನನಗೂ ಗೊತ್ತಿರಲಿಲ್ಲ, ನನ್ನ ಏಜೆಂಟನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಕಾಗದ ಸರಿಯಾಗುವ ತನಕ ಮದುಮಕ್ಕಳು ಗೋದಾಮಿನಲ್ಲೇ ಬೀಡುಬಿಟ್ಟರು. ದಿನದ ಬಾಡಿಗೆ ಮಾವ ಕೊಟ್ಟ, ಅಂದರೆ ನಾನು.

ಬೆಂಗಳೂರಿನಲ್ಲಿ ಮೊದಲ ಮೇಜು ಮಾರಾಟವಾದಾಗ ಮನೆಯಲ್ಲಿ ಹೋಳಿಗೆ. ಕೊಂಡವರು ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು. ಹಲಗೆಯನ್ನು ಉಗುರಿನಲ್ಲಿ ಕೆರೆದು, "ಇದು ಮಳೆಮರ ಅಲ್ವೇನ್ರೀ? ನಮ್ಮ ರಸ್ತೆ ಅಗಲ ಮಾಡೋವಾಗ ಇಂಥವನ್ನೇ ಕಡಿದು ಲಾರಿಗೆ ಹಾಕ್ತಿದ್ರು" ಅಂದರು. ಸುವಾರ್ ಅಂದರೆ ಮಳೆಮರ ಅನ್ನೋದು ನನಗೆ ತಿಳಿದದ್ದೇ ಆಗ. ಆದರೂ ಪುಣ್ಯಾತ್ಮರು ದುಡ್ಡು ಕೊಟ್ಟರು.

ಮಾರ್ಚ್ ಬಂತು. ಕಡಲ ತೀರದ ತೇವ ಕುಡಿದುಕೊಂಡಿದ್ದ ದಪ್ಪ ಹಲಗೆ ಬೆಂಗಳೂರಿನ ಒಣಗಾಳಿಗೆ ಬಿಗಿಯತೊಡಗಿತು. ಒಂದು ರಾತ್ರಿ ಎರಡು ಗಂಟೆಗೆ ಮೇಷ್ಟರ ಫೋನು. "ಮೇಜು ಗುಂಡು ಹಾರಿಸ್ತು ಕಣ್ರೀ!" ಹೋಗಿ ನೋಡಿದರೆ ಈ ತುದಿಯಿಂದ ಮೂರಡಿ ಬಿರುಕು, ಬಸ್ ಟಿಕೆಟ್ ತೂರಿಸುವಷ್ಟು. ಅಂಥ ಹಲಗೆಯನ್ನು ಬಿಸಿಗಾಳಿಯ ಗೂಡಿನಲ್ಲಿಟ್ಟು ನಿಧಾನವಾಗಿ ಒಣಗಿಸಿಯೇ ಕಳಿಸಬೇಕಂತೆ. ಪೂರ್ತಿ ಒಣಗಿಸ್ತೀರಾ ಅಂತ ನಾನು ಕೇಳಿಯೇ ಇದ್ದೆ. ಉತ್ತರ ಏನು ಬಂದಿತ್ತು ಅಂತ ಬೇರೆ ಹೇಳಬೇಕಿಲ್ಲ.

ಮೇಜು ವಾಪಸ್ ಬಂದು ನಮ್ಮ ಹಾಲಿನಲ್ಲಿ ಕೂತಿತು. ಅಡುಗೆಮನೆಗೆ ಈಗ ಅಡ್ಡಡ್ಡ ನಡೆದು ಹೋಗಬೇಕು. ಬಿರುಕಿನ ಫೋಟೋ ಕಳಿಸಿ, ಇದನ್ನು ರಿಪೇರಿ ಮಾಡೋಕಾಗುತ್ತಾ ಅಂತ ಬಡಗಿಗೆ ಬರೆದೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. ಸ್ಪೀಕರಿನಲ್ಲಿ ಹಾಕಿದೆ. ಹಿಂದೆ ಉಳಿಯ ಸದ್ದು, ಅದೇ ನಗು: "ಬಿಸಾಕೋ ಪಾ!"

ಒಗ್ಗರಣೆ ಸೌಟು ಹಿಡಿದೇ ಹೆಂಡತಿ ಹೊರಗೆ ಬಂದಳು.

"ನೋಡಿ, ಮಾಡಿದವನೇ ಹೇಳ್ತಿದಾನೆ. ಈಗಲಾದ್ರೂ ಕೇಳಿ."