ಜಾಕೆಟ್ಟಿನ ಒಳಗೆ ಹೊಲಿದಿರುವ ಚೀಟಿ

ಕಳೆದ ವರ್ಷ ಮೂಡಿಗೆರೆಯ ದಾರಿಯ ಒಂದು ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ನನ್ನ ಬೈಕಿನ ಮುಂದಿನ ಚಕ್ರ ಜಾರಿತು. ವೇಗ ನಲವತ್ತರ ಆಸುಪಾಸಿನಲ್ಲಿತ್ತು, ತಪ್ಪು ಪೂರ್ತಿಯಾಗಿ ನನ್ನದೇ. ಮೈಮೇಲಿದ್ದ ಚರ್ಮದ ಜಾಕೆಟ್ ಹರಿಯಲಿಲ್ಲ, ನಿಜ. ಆದರೆ ಬಲತೋಳಿನ ಹೊಲಿಗೆ ಬಾಯಿ ಬಿಟ್ಟು, ಒಳಗಿನ ಪ್ಯಾಡ್ ಮುಂಗೈಗೆ ಸರಿದು, ಮೊಣಕೈ ತರಚಿಹೋಯಿತು. ಅದನ್ನು ಕೊಳ್ಳುವಾಗ ನಾನು ನೋಡಿದ್ದು ಎದೆಯ ಮೇಲಿನ ಹೆಸರನ್ನು ಮತ್ತು ಕನ್ನಡಿಯಲ್ಲಿ ನನ್ನನ್ನು.

ಈ ಬಾರಿ ಹೊಸದನ್ನು ಹುಡುಕಲು ಬೆಂಗಳೂರಿನ ಅಂಗಡಿಗಳನ್ನು ಎರಡು ತಿಂಗಳು ಸುತ್ತಿದಾಗ, ಯುರೋಪಿನ ಸುರಕ್ಷತಾ ಗುರುತನ್ನು ನೆನೆದು "ಸಿಇ ಇದೆಯೇ?" ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ ಸಿಕ್ಕಿತು. ಅಂಗಡಿಯವರು ಮೊಣಕೈ ಜೇಬಿನಿಂದ ಪ್ಯಾಡ್ ಹೊರತೆಗೆದು, "ನೋಡಿ ಸರ್, ಇಲ್ಲೇ ಅಚ್ಚಾಗಿದೆ" ಎನ್ನುತ್ತಾರೆ. ಅಲ್ಲಿ ಅಚ್ಚಾಗಿರುವುದು ಇಎನ್ 1621-1 ಎಂಬ ಯುರೋಪಿನ ಮಾನದಂಡದ ಗುರುತು. ಅದು ಪ್ಯಾಡಿಗೆ ಮಾತ್ರ ಸಂಬಂಧಿಸಿದ್ದು. ಪೆಟ್ಟು ಬಿದ್ದಾಗ ಪ್ಯಾಡನ್ನು ದಾಟಿ ಮೈಗೆ ತಲುಪುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಒಂದನೇ ಮಟ್ಟ, 20 ಮೀರದಿದ್ದರೆ ಎರಡನೇ ಮಟ್ಟ. ಜಾಕೆಟ್ಟಿನ ಚರ್ಮ ಮತ್ತು ಹೊಲಿಗೆ ರಸ್ತೆಯ ಉಜ್ಜಾಟವನ್ನು ತಾಳುತ್ತವೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆಯಿದೆ: ಇಎನ್ 17092. ಅದರಲ್ಲಿ ತೇರ್ಗಡೆಯಾದ ಉಡುಪಿನ ಒಳಗೆ ಬೈಕ್ ಸವಾರನ ಪುಟ್ಟ ಚಿತ್ರವಿರುವ ಚೀಟಿಯನ್ನು ಹೊಲಿದಿರುತ್ತಾರೆ, ಚಿತ್ರದ ಬಳಿ ಎಎಎ, ಎಎ ಅಥವಾ ಎ ಎಂಬ ದರ್ಜೆ ಇರುತ್ತದೆ. ಭುಜ, ಮೊಣಕೈಗಳಂತಹ ಹೆಚ್ಚು ಉಜ್ಜುವ ಭಾಗಗಳನ್ನು ಎಎಎ ದರ್ಜೆಗೆ ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ, ಎಎ ದರ್ಜೆಗೆ 70ಕ್ಕೆ ಸಮನಾಗಿ ಪರೀಕ್ಷಿಸುತ್ತಾರೆ. ನನ್ನ ಹಳೆಯ ಜಾಕೆಟ್ಟಿನ ಅಸ್ತರನ್ನು ಮಗುಚಿ ಹುಡುಕಿದೆ. ಒಗೆಯುವ ಸೂಚನೆಯ ಹೊರತು ಬೇರೆ ಚೀಟಿಯೇ ಇರಲಿಲ್ಲ.

ಹಾಗೆಂದು ಬ್ರ್ಯಾಂಡ್ ಬರೀ ಆಡಂಬರವೆಂದು ನಾನು ಹೇಳಲಾರೆ. 1963ರಲ್ಲಿ ಬೂಟುಗಳಿಂದ ಆರಂಭಿಸಿದ ಆಲ್ಪೈನ್‌ಸ್ಟಾರ್ಸ್ ಆಗಲಿ, 1972ರ ಡೈನೀಸ್ ಆಗಲಿ ರೇಸ್ ಟ್ರ್ಯಾಕಿನಲ್ಲಿ ಬಿದ್ದೆದ್ದವರಿಂದ ಕಲಿತು ಹೆಸರು ಗಳಿಸಿದ ಇಟಲಿಯ ಸಂಸ್ಥೆಗಳು. ಆದರೆ ಒಂದೇ ಹೆಸರಿನಡಿ ಬೇರೆ ಬೇರೆ ದರ್ಜೆಯ ಜಾಕೆಟ್‌ಗಳು ಮಾರಾಟಕ್ಕಿರುತ್ತವೆ, ಆಮದು ಸುಂಕವೂ ಸೇರಿದ ಬೆಲೆಯನ್ನು ಕೊಟ್ಟು ಕೆಳದರ್ಜೆಯದನ್ನು ಮನೆಗೆ ತರುವುದು ಸುಲಭ. ಇನ್ನು 1928ರಲ್ಲಿ ನ್ಯೂಯಾರ್ಕಿನ ಶಾಟ್ ಸಂಸ್ಥೆ ಹೊಲಿದ ಓರೆ ಜಿಪ್ಪಿನ 'ಪರ್ಫೆಕ್ಟೋ' ಜಾಕೆಟ್ಟಿನ ನಕಲುಗಳು ಎಲ್ಲ ಬಟ್ಟೆ ಅಂಗಡಿಗಳಲ್ಲೂ ತೂಗಾಡುತ್ತವೆ. ಅವುಗಳಲ್ಲಿ ಬಹುಪಾಲು ತೆಳು ಕುರಿಚರ್ಮದವು. ಮದುವೆ ಆರತಕ್ಷತೆಗೆ ಚೆಂದ. ಸವಾರಿಗೆ ಹೊಲಿದ ದನದ ಚರ್ಮ ಸಾಮಾನ್ಯವಾಗಿ 1.1ರಿಂದ 1.3 ಮಿಲಿಮೀಟರ್ ದಪ್ಪವಿರುತ್ತದೆ, ಎರಡು ಬೆರಳಿನಲ್ಲಿ ಹಿಡಿದು ಮಡಿಸಿದರೆ ಅದು ಮಣಿಯಲು ಒಪ್ಪುವುದಿಲ್ಲ.

ಬೆನ್ನಿನ ಜೇಬಿನಲ್ಲಿ ಏನಿದೆಯೆಂಬುದನ್ನೂ ಕೈಹಾಕಿ ನೋಡಬೇಕು. ನಾನು ನೋಡಿದ ದುಬಾರಿ ಜಾಕೆಟ್ಟೊಂದರಲ್ಲಿ ಅಲ್ಲಿದ್ದದ್ದು ಪಾತ್ರೆ ಉಜ್ಜುವ ಸ್ಪಂಜಿನಷ್ಟೇ ಮೆತ್ತನೆಯ ಫೋಮ್ ತುಂಡು. ನಿಜವಾದ ಬೆನ್ನಿನ ರಕ್ಷಕವನ್ನು ಹಲವು ಸಲ ಬೇರೆಯಾಗಿ ಕೊಳ್ಳಬೇಕಾಗುತ್ತದೆ, ಆದ್ದರಿಂದ ಬೆಲೆ ಹೋಲಿಸುವಾಗ ಅದನ್ನೂ ಕೂಡಿಸಿಯೇ ಲೆಕ್ಕ ಹಾಕುವುದು ಒಳ್ಳೆಯದು.

ಕೊನೆಗೆ ಎಎ ದರ್ಜೆಯ, ಎದೆಯ ಮೇಲೆ ಸಣ್ಣ ರಂಧ್ರಗಳಿರುವ, ಅಷ್ಟೇನೂ ಹೆಸರಿಲ್ಲದ ಒಂದನ್ನು ಆರಿಸಿದೆ. ಎಎಎ ದರ್ಜೆಯದು ಕೈಗೆಟಕುವ ಬೆಲೆಯಲ್ಲಿ ಇರಲಿಲ್ಲ, ಅದರ ಭಾರವನ್ನು ಹೊತ್ತು ಏಪ್ರಿಲ್ ಬಿಸಿಲಿನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲುವ ತಾಳ್ಮೆಯೂ ನನಗಿಲ್ಲ. ಹಣ ಕೊಡುವ ಮೊದಲು ಅಂಗಡಿಯವರ ಒಪ್ಪಿಗೆ ಪಡೆದು, ಹೊರಗೆ ನಿಲ್ಲಿಸಿದ್ದ ನನ್ನ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿದು ನೋಡಿದೆ. ನಿಂತಾಗ ಮಣಿಕಟ್ಟಿನವರೆಗಿದ್ದ ತೋಳು ಎರಡು ಬೆರಳಷ್ಟು ಮೇಲೇರಿತು. ಪ್ಯಾಡ್ ಮಾತ್ರ ಮೊಣಕೈ ಬಿಟ್ಟು ಅಲುಗಲಿಲ್ಲ. "ಮೊದಲು ಹಾಕಿದ ದೊಡ್ಡ ಸೈಜೇ ನಿಮಗೆ ಚೆನ್ನಾಗಿ ಕಾಣುತ್ತಿತ್ತು ಸರ್" ಎಂದು ಅವರು ಬೇಸರದಿಂದಲೇ ಬಿಲ್ಲು ಬರೆದರು.