ಮಳೆಗೆ ಹೆದರದ ಕಿಸೆ ಕ್ಯಾಮೆರಾ

ದಿನಾ ಕಿಸೆಯಲ್ಲಿಟ್ಟುಕೊಂಡು ಓಡಾಡಲು ಯಾವ ಸಣ್ಣ ಕ್ಯಾಮೆರಾ ಒಳ್ಳೆಯದು ಎಂದು ಕಾರವಾರದ ಗೆಳೆಯರು ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು. ಜುಲೈ ತಿಂಗಳಲ್ಲಿ ಅದನ್ನು ಎಲ್ಲಿಡುತ್ತೀರಿ? ಕಪಾಟಿನಲ್ಲಿ ಅಂದರೆ ಅದು ದಿನಬಳಕೆಯ ಕ್ಯಾಮೆರಾ ಅಲ್ಲವೇ ಅಲ್ಲ.

ಎಲ್ಲರೂ ಹೊಗಳುವುದು ರಿಕೋ ಜಿಆರ್ 3. ಹೊಗಳಿಕೆ ಸುಳ್ಳಲ್ಲ. ಎಪಿಎಸ್-ಸಿ ಅನ್ನುವ ದೊಡ್ಡ ಅಳತೆಯ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮೂಡಿಸುವ ಚಿಪ್), 24 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ ಬರೀ 257 ಗ್ರಾಂ ತೂಕ. ಆದರೆ ನೀರು, ಧೂಳು ತಡೆಯುವ ಸೀಲ್ ಅದಕ್ಕಿಲ್ಲ. ಆನ್ ಮಾಡಿದರೆ ಲೆನ್ಸ್ ಹೊರಗೆ ಬರುತ್ತದೆ, ಆಫ್ ಮಾಡಿದರೆ ಒಳಗೆ ಹೋಗುತ್ತದೆ, ಜೊತೆಗೆ ಧೂಳೂ ಹೋಗುತ್ತದೆ. ಲೆನ್ಸ್ ಬಿಚ್ಚಿ ನಾವೇ ಸೆನ್ಸರ್ ಒರೆಸುವ ಹಾಗಿಲ್ಲ. ಸರ್ವಿಸ್‌ಗೇ ಕಳಿಸಬೇಕು. ಸೋನಿ ಆರ್‌ಎಕ್ಸ್100 ಕ್ಯಾಮೆರಾಗಳ ಲೆನ್ಸೂ ಹೀಗೇ ಹೊರಗೆ ಬರುವಂಥದ್ದು. ಕಡಲ ದಂಡೆಯಲ್ಲಿ ಗಾಳಿಗೆ ಹಾರುವ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಲೆನ್ಸ್ ಅರ್ಧಕ್ಕೇ ನಿಂತುಬಿಡಬಹುದು.

ಅದಕ್ಕೇ ನನ್ನ ಓಟು ಒಲಿಂಪಸ್ ಟಫ್ ಟಿಜಿ-6ಕ್ಕೆ. 2019ರ ಕ್ಯಾಮೆರಾ ಇದು. 2023ರಲ್ಲಿ ಇದರ ಮುಂದಿನ ಮಾದರಿ ಟಿಜಿ-7, ಒಲಿಂಪಸ್ ಬದಲು ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದಿದೆ. ಟಿಜಿ-6 ಕ್ಯಾಮೆರಾ 15 ಮೀಟರ್ ಆಳದ ನೀರಿಗೂ ಜಗ್ಗುವುದಿಲ್ಲ. ಜೂಮ್ ಮಾಡಿದರೂ ಲೆನ್ಸ್ ಹೊರಗೆ ಚಾಚುವುದಿಲ್ಲ. ಎಲ್ಲಾ ಕೆಲಸ ಬಟನ್‌ನಲ್ಲೇ. ಮಳೆಯಲ್ಲಿ ಫೋನಿನ ಪರದೆ ಒದ್ದೆ ಬೆರಳಿಗೆ ಮಾತು ಕೇಳುವುದಿಲ್ಲ ಅಲ್ವಾ, ಇಲ್ಲಿ ಆ ತಂಟೆ ಇಲ್ಲ. ಬೈತಖೋಲ್ ಬಂದರಿನಲ್ಲಿ ಬೆಳಿಗ್ಗೆ ಮೀನು ಇಳಿಸುವಾಗ ಉಪ್ಪುನೀರು ಸಿಡಿದರೂ ಕೈ ಹಿಂದೆಗೆಯಬೇಕಿಲ್ಲ.

ನನಗೆ ಅತಿ ಇಷ್ಟವಾದದ್ದು ಅದರ ಮೈಕ್ರೋಸ್ಕೋಪ್ ಮೋಡ್. ಲೆನ್ಸಿನಿಂದ 1 ಸೆಂಟಿಮೀಟರ್ ದೂರದಲ್ಲಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಶಿರಸಿ ಕಡೆಯ ತೋಟಕ್ಕೆ ಹೋದಾಗ ಅಡಿಕೆ ಸಿಂಗಾರದ ಹತ್ತಿರ ಹಿಡಿದು ನೋಡಿ. ಒಂದೊಂದು ಹೂವಿನ ಎಸಳು, ಅದರ ಮೇಲೆ ಕೂತ ನೀರಹನಿ, ಪಕ್ಕದಲ್ಲಿ ಹೊರಟ ಇರುವೆಯ ಕಾಲು, ಎಲ್ಲಾ ಪರದೆ ತುಂಬ ಬರುತ್ತದೆ. ಹತ್ತು ಪಟ್ಟು ದುಬಾರಿ ಕ್ಯಾಮೆರಾ ಇದ್ದವರೂ ಇದನ್ನು ನೋಡಿ ಸುಮ್ಮನಾಗುತ್ತಾರೆ.

ಕತ್ತಲಲ್ಲಿ ಮಾತ್ರ ಇದು ಸೋಲುತ್ತದೆ. ಸೆನ್ಸರ್ ತೀರಾ ಸಣ್ಣದು, ಆರ್‌ಎಕ್ಸ್100ರ ಒಂದಿಂಚಿನ ಸೆನ್ಸರಿನ ಕಾಲು ಭಾಗದಷ್ಟು. ಯಕ್ಷಗಾನದಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ ಮುಖ ಕಲೆಸಿಹೋಗುತ್ತದೆ. ರಾತ್ರಿ ಯಕ್ಷಗಾನದ ಫೋಟೊಗಳೇ ನಿಮಗೆ ಮುಖ್ಯ ಅಂದರೆ ಸೋನಿಯನ್ನೇ ಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಮಳೆಗಾಲದಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ. ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಟಿಜಿಗೂ ಆರೈಕೆ ಬೇಕು. ಕಡಲಿಗೆ ಇಳಿಸಿದ ಮೇಲೆ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಬ್ಯಾಟರಿ ಬಾಗಿಲಿನ ರಬ್ಬರಿಗೆ ಒಂದು ಕೂದಲು ಅಂಟಿದ್ದರೂ ನೀರು ಒಳಗೆ ನುಗ್ಗಬಹುದು, ಮುಚ್ಚುವ ಮೊದಲು ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ರಬ್ಬರ್ ಸವೆದಿದೆಯಾ ಎಂದೂ ನೋಡಿಕೊಳ್ಳಿ. ಅಂದ ಹಾಗೆ, ಅಂಕೋಲಾ, ಕುಮಟಾ ಕಡೆ ಯಾರಾದರೂ ಟಿಜಿ-6 ಮಾರುವವರಿದ್ದರೆ ನನಗೆ ಹೇಳಿ, ತಂಗಿಗೆ ಒಂದು ಬೇಕಾಗಿದೆ.