ಕಾಯ್ದೆ ಕೊಟ್ಟ ಸೋದರಮಾವ

ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್. ಸೋಮವಾರ ಬೆಳಗ್ಗೆ ಹತ್ತೂವರೆ. ಟೇಬಲ್ ಒರೆಸುವ ಹುಡುಗನಿಗೆ ಹನ್ನೊಂದೋ ಹನ್ನೆರಡೋ ಇರಬೇಕು. ನೀರಲ್ಲಿ ನೆನೆದು ನೆನೆದು ಬೆರಳ ತುದಿ ಬಿಳಿಚಿ ಸುಕ್ಕಾಗಿತ್ತು. "ಸ್ಕೂಲ್ ಇಲ್ವೇನೋ?" ಅಂದೆ. ಅವನು ಗಲ್ಲಾ ಕಡೆ ನೋಡಿದ. ಉತ್ತರವೂ ಅಲ್ಲಿಂದಲೇ ಬಂತು: "ನಮ್ಮ ಅಕ್ಕನ ಮಗ ಸಾರ್. ರಜಾ ಅಂತ ಬಂದವ್ನೆ."

ಆಗಸ್ಟ್ ತಿಂಗಳಲ್ಲಿ ಯಾವ ರಜವೋ. ಒಳಗೆ ಲೋಟ ತೊಳೆಯುತ್ತಿದ್ದವನೂ ಅಕ್ಕನ ಮಗನೇ. ಈರುಳ್ಳಿ ಹೆಚ್ಚುವವನು ಇನ್ನೊಬ್ಬ ಅಕ್ಕನ ಮಗ, ಅವನದು ಬರೀ ಹಿಂದಿ. ಆ ಅಕ್ಕನನ್ನು ಬಿಹಾರಕ್ಕೆ ಕೊಟ್ಟಿರಬೇಕು.

ನಗಬೇಡಿ, ಮಾಲೀಕರು ಕಾನೂನು ಬಲ್ಲವರು. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ಬಿಗಿ ಮಾಡಿದರು. 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20ರಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಭರ್ಜರಿ ಬೇಲಿ! ಆದರೆ ನಡುವೆ ಒಂದು ತಡಮೆ ಬಿಟ್ಟರು. ಸ್ಕೂಲ್ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆ ಕಸುಬಿಗೆ ಮಗು 'ನೆರವಾಗ'ಬಹುದು. ಮನೆಯವರು ಅಂದರೆ ಯಾರು? ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಸರಿ. ಜೊತೆಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ. ಲಗ್ನಪತ್ರಿಕೆಯ ಕೊನೇ ಪುಟ ಮುಂದಿಟ್ಟುಕೊಂಡೇ ಬರೆದ ಹಾಗಿದೆ, ಅಲ್ವಾ? ಕಂಡಕ್ಟರನ್ನೂ 'ಅಣ್ಣಾ' ಅನ್ನುವ ಜನ ನಾವು. ನಮಗೆ ಸಂಬಂಧಕ್ಕೆ ಬರವೇ?

2017ರ ನಿಯಮ ಇನ್ನೂ ಸೊಗಸು. ಸಂಜೆ 7ರಿಂದ ಬೆಳಗ್ಗೆ 8ರ ತನಕ ಮಗುವಿಗೆ ಕೆಲಸ ಕೊಡಬಾರದು. ಈ ಹೋಟೆಲಿನಲ್ಲಿ ಇಡ್ಲಿ ಇಳಿಯುವುದೇ ಐದೂವರೆಗೆ. ಹೇಳದೆ ಕೇಳದೆ ಸತತ 30 ದಿನ ಮಗು ಸ್ಕೂಲಿಗೆ ಬರದಿದ್ದರೆ ಹೆಡ್‌ಮಾಸ್ಟರು ನೋಡಲ್ ಅಧಿಕಾರಿಗೆ, ಅಂದರೆ ಈ ಕಾಯ್ದೆ ಜಾರಿಗೆಂದೇ ಗೊತ್ತುಮಾಡಿದ ಅಧಿಕಾರಿಗೆ, ತಿಳಿಸಬೇಕಂತೆ. ಅಂದರೆ 29 ದಿನ ಅಕ್ಕನ ಮಗ, 30ನೇ ದಿನ ವಿದ್ಯಾರ್ಥಿ. ಹಾಜರಿ ಪುಸ್ತಕವೂ ಖುಷಿ, ಹೋಟೆಲೂ ಖುಷಿ.

ಇದನ್ನು ಇನ್ನೂ ಬಿಗಿ ಮಾಡಬೇಕು ಅನ್ನುವವರಿಗೆ ನನ್ನದೊಂದು ಸಲಹೆ. ತಾಲ್ಲೂಕು ಕಚೇರಿಯಲ್ಲಿ ಜಾತಿ, ಆದಾಯದ ಜೊತೆ 'ಸೋದರಮಾವ ಪ್ರಮಾಣಪತ್ರ'ವನ್ನೂ ಕೊಡಿ. ಲ್ಯಾಮಿನೇಷನ್ ಮಾಡಿಸಿ ಗಲ್ಲಾ ಹಿಂದೆ ದೇವರ ಫೋಟೋ ಪಕ್ಕ ತೂಗುಹಾಕಲಿ. ಪಾಪ, ಇನ್‌ಸ್ಪೆಕ್ಟರಿಗೂ ಕಾಫಿ ಆರುವ ಮೊದಲೇ ತಪಾಸಣೆ ಮುಗಿಯುತ್ತದೆ.

ಬಿಲ್ ಕೊಡುವಾಗ ಸುಮ್ನೆ ಕೇಳಿದೆ: "ಅಕ್ಕನ ಹೆಸರೇನು ಸಾರ್?"

ಮಾಲೀಕರು ಚಿಲ್ಲರೆ ಎಣಿಸುತ್ತಲೇ ಒಳಕ್ಕೆ ಕೂಗಿದರು: "ಲೋ, ನಿಮ್ಮಮ್ಮನ ಹೆಸರೇನೋ?"